ಕಣ್ಣು ತುಂಬಿಸುವ ವಿಡಿಯೋ ಗೇಮ್‌ಗಳು: ಇದು ಆಟದ ಶಕ್ತಿಯೋ, ಸಿನಿಮಾದಿಂದ ತಂದ ಸಾಲವೋ?

ತುಂಗಾತೀರ, ಶಿವಮೊಗ್ಗ

ಎಲ್ಲರಿಗೂ ನಮಸ್ಕಾರ. ನಾನು ಕತೆ, ಕಾದಂಬರಿ, ನಾಟಕಗಳ ಕಡೆಯಿಂದ ಬಂದವಳು. ವಿಡಿಯೋ ಗೇಮ್‌ಗಳ ಪರಿಚಯ ಇತ್ತೀಚಿನದು. ಅಣ್ಣನ ಮಗ ಒತ್ತಾಯ ಮಾಡಿ ‘ದಿ ಲಾಸ್ಟ್ ಆಫ್ ಅಸ್’ ಆಡಿಸಿದ ಮೇಲೆ ತಲೆಯಲ್ಲಿ ಕೂತ ಪ್ರಶ್ನೆಯೊಂದನ್ನು ಬಲ್ಲವರ ಮುಂದೆ ಇಡುತ್ತಿದ್ದೇನೆ.

2013ರಲ್ಲಿ ನಾಟಿ ಡಾಗ್ ಸಂಸ್ಥೆ ಹೊರತಂದ ಈ ಆಟದ ಆರಂಭದಲ್ಲಿ ನಾವು ಸಾರಾ ಎಂಬ ಹುಡುಗಿಯಾಗಿ, ನಡುರಾತ್ರಿಯ ಮನೆಯಲ್ಲಿ ಅಪ್ಪನನ್ನು ಹುಡುಕುತ್ತ ಓಡಾಡುತ್ತೇವೆ. ಸ್ವಲ್ಪ ಹೊತ್ತಿನಲ್ಲೇ ಆ ಅಪ್ಪ ಜೋಯೆಲ್ ಆಗಿ, ಕಾಲಿಗೆ ಪೆಟ್ಟಾದ ಅದೇ ಮಗಳನ್ನು ಎತ್ತಿಕೊಂಡು ಬೀದಿಯಲ್ಲಿ ಓಡುತ್ತೇವೆ. ಅಲ್ಲಿಂದ ಮುಂದಿನದು ನಮ್ಮ ಕೈಯಲ್ಲಿಲ್ಲ. ದೃಶ್ಯ ತಾನಾಗಿ ನಡೆಯುತ್ತದೆ. ಸೈನಿಕನ ಗುಂಡು ತಗುಲಿದ ಮಗಳು ಅಪ್ಪನ ತೋಳಿನಲ್ಲೇ ಸಾಯುತ್ತಾಳೆ. ನನಗೆ ಅಳು ತಡೆಯಲಾಗಲಿಲ್ಲ. ಆದರೆ ಆ ಗಳಿಗೆಯಲ್ಲಿ ಕಂಟ್ರೋಲರ್, ಅಂದರೆ ಆಟ ನಡೆಸುವ ಬಟನ್‌ಗಳ ಸಾಧನ, ಕೈಯಲ್ಲಿದ್ದರೂ ಅದರಿಂದ ಮಾಡುವಂಥದ್ದು ಏನೂ ಇರಲಿಲ್ಲ.

ಮನಸ್ಸು ಕಲಕುವ ಗಳಿಗೆಗಳೆಲ್ಲ ನಮ್ಮ ಕೈ ಸುಮ್ಮನಿರುವಾಗಲೇ ಬರುವುದಾದರೆ ಇದನ್ನು ಆಟದ ಬೆಳವಣಿಗೆ ಎನ್ನಬೇಕೋ, ನಡುನಡುವೆ ಕಾಳಗ ಸೇರಿಸಿದ ಸಿನಿಮಾ ಎನ್ನಬೇಕೋ? 2023ರಲ್ಲಿ ಅಮೆರಿಕದ ಟಿವಿ ವಾಹಿನಿ ಎಚ್‌ಬಿಒ ಇದೇ ಕತೆಯನ್ನು ಧಾರಾವಾಹಿ ಮಾಡಿದಾಗ, ಆಟದ ಗಾಳಿಯೇ ಸೋಕದ ನನ್ನ ಗೆಳತಿಯರೂ ಅದೇ ದೃಶ್ಯಕ್ಕೆ ಕಣ್ಣೀರು ಹಾಕಿದರು. ಹಾಗಿದ್ದರೆ ಆಟ ಎಂಬುದು ಇಲ್ಲಿ ಹೆಚ್ಚಾಗಿ ಕೊಟ್ಟಿದ್ದೇನು?

ನಿರ್ವಾಹಕರು

ಈ ಚರ್ಚೆಯಲ್ಲಿ ಕತೆಯ ತಿರುವು ಮತ್ತು ಅಂತ್ಯಗಳ ಪ್ರಸ್ತಾಪ ತಪ್ಪಿಸಲಾಗದು. ಆದ್ದರಿಂದ ಬರೆಯುವವರು ಆಟದ ಹೆಸರನ್ನು ಮೊದಲೇ ಹೇಳಬೇಕು, ಆ ಆಟವನ್ನು ಇನ್ನೂ ಆಡದವರು ನೋಡಿಕೊಂಡು ಓದಬೇಕು ಎಂದು ಕೋರುತ್ತೇವೆ.

ಅಡಕೆತೋಟ, ತೀರ್ಥಹಳ್ಳಿ

ಅಕ್ಕಾ, ಇದು ಸಿನಿಮಾವೇ, ನನಗೆ ಅನುಮಾನವಿಲ್ಲ. ಹಿದೆಯೊ ಕೊಜಿಮಾ ಅವರ ‘ಮೆಟಲ್ ಗೇರ್ ಸಾಲಿಡ್ 4’ (2008) ಆಡಿದವರಿಗೆ ಗೊತ್ತಿರುತ್ತದೆ. ಕೊನೆಯ ಕಾಳಗ ಮುಗಿದ ಮೇಲೆ ಒಂದು ಗಂಟೆಗೂ ಹೆಚ್ಚು ಹೊತ್ತು ಬರೀ ನೋಡುತ್ತ ಕೂರಬೇಕು. ಮಳೆಗಾಲದಲ್ಲಿ ನಮ್ಮ ಕಡೆ ಕರೆಂಟ್ ಯಾವಾಗ ಹೋಗುತ್ತದೆ ಎಂದು ಹೇಳಲಾಗದು. ಹೀಗೆ ಆಟ ನಿಂತು ತಾನಾಗಿ ನಡೆಯುವ ದೃಶ್ಯಕ್ಕೆ ಕಟ್‌ಸೀನ್ ಎನ್ನುತ್ತಾರೆ. ಉದ್ದದ ಕಟ್‌ಸೀನ್ ನಡುವೆ ಕರೆಂಟ್ ಹೋದರೆ, ಕಳೆದ ಸಲ ಆಟ ಉಳಿಸಿಟ್ಟ ಜಾಗದಿಂದ (ಸೇವ್) ಮತ್ತೆ ಎಲ್ಲವನ್ನೂ ನೋಡಬೇಕು. ಆಟಗಾರನ ಸಮಯಕ್ಕೆ, ಅವನ ಕೈಗೆ ಬೆಲೆ ಕೊಡದ ಈ ಪದ್ಧತಿಯನ್ನು ಕಲೆಯ ಬೆಳವಣಿಗೆ ಎಂದು ಹೊಗಳುವುದು ನನಗೆ ಒಪ್ಪಿಗೆಯಿಲ್ಲ. ಸಿನಿಮಾ ಮಾಡುವ ಆಸೆ ಇದ್ದವರು ಸಿನಿಮಾ ಮಾಡಲಿ.

ಹಳೆಯ ಆಟಗಾರ, ಭದ್ರಾವತಿ

ಸಿನಿಮಾದ ಆಸೆ ನಿನ್ನೆ ಮೊನ್ನೆಯದಲ್ಲ. 1983ರಲ್ಲೇ ಡಾನ್ ಬ್ಲೂತ್ ಅವರ ಅನಿಮೇಷನ್ ಇಟ್ಟುಕೊಂಡು ‘ಡ್ರ್ಯಾಗನ್ಸ್ ಲೇರ್’ ಲೇಸರ್ ಡಿಸ್ಕ್‌ನಲ್ಲಿ ಬಂದಿತ್ತು. ನೋಡಲು ಅದು ಅಪ್ಪಟ ಕಾರ್ಟೂನ್ ಚಿತ್ರ. ಆಡುವವನಿಗೆ ಇದ್ದದ್ದು ಸರಿಯಾದ ಗಳಿಗೆಯಲ್ಲಿ ಸರಿಯಾದ ದಿಕ್ಕಿಗೆ ಕೋಲು ತಳ್ಳುವ ಕೆಲಸ ಮಾತ್ರ. 1994ರ ‘ವಿಂಗ್ ಕಮಾಂಡರ್ 3’ರಲ್ಲಿ ಮಾರ್ಕ್ ಹ್ಯಾಮಿಲ್ ಅವರಂಥ ನಟರನ್ನೇ ಕ್ಯಾಮೆರಾದ ಮುಂದೆ ನಿಲ್ಲಿಸಿ ದೃಶ್ಯಗಳನ್ನು ಚಿತ್ರೀಕರಿಸಿ ಆಟದೊಳಗೆ ಸೇರಿಸಿದರು. ಅವನ್ನು ಕಂಡು ಬೆರಗಾದವರು ಬಹಳ ಮಂದಿ. ಅತ್ತವರನ್ನು ನಾನು ಕಂಡಿಲ್ಲ.

ನನ್ನ ವಯಸ್ಸಿನ ಆಟಗಾರರನ್ನು ಅಳಿಸಿದ್ದು 1997ರ ‘ಫೈನಲ್ ಫ್ಯಾಂಟಸಿ 7’. ಅದರ ಪಾತ್ರಗಳದ್ದು ಚೌಕ ಚೌಕ ಮೈ, ಅಲುಗದ ಮುಖ. ದನಿಯೇ ಇಲ್ಲ, ಮಾತೆಲ್ಲ ಅಕ್ಷರದಲ್ಲಿ. ಏರಿತ್ ಎಂಬ ಹುಡುಗಿಯನ್ನು ನಮ್ಮ ತಂಡದಲ್ಲಿಟ್ಟುಕೊಂಡು, ಕಾಳಗದಿಂದ ಕಾಳಗಕ್ಕೆ ಬೆಳೆಸಿ, ಉಳಿದವರ ಗಾಯ ಮಾಯಿಸುವ ಕೆಲಸವನ್ನು ಅವಳಿಗೆ ವಹಿಸಿ, ಅವಳನ್ನೇ ನೆಚ್ಚಿಕೊಂಡಿರುತ್ತೇವೆ. ಮೊದಲ ಡಿಸ್ಕ್ ಮುಗಿಯುವ ಹೊತ್ತಿಗೆ ಅವಳು ಕೊಲೆಯಾಗುತ್ತಾಳೆ. ತಕ್ಷಣವೇ ಒಂದು ಕಾಳಗ ಶುರುವಾಗುತ್ತದೆ. ಆದರೆ ಕಾಳಗದ ಅಬ್ಬರದ ಸಂಗೀತ ಬರುವುದಿಲ್ಲ, ನೊಬುವೊ ಉಎಮಾತ್ಸು ಅವಳಿಗೆಂದು ಕಟ್ಟಿದ ಮೆಲುದನಿಯ ರಾಗವೇ ಕಾಳಗದುದ್ದಕ್ಕೂ ಮುಂದುವರಿಯುತ್ತದೆ. ಆಮೇಲೆ ತಂಡ ಕಟ್ಟುವಾಗಲೆಲ್ಲ ಅವಳ ಹೆಸರು ಇಲ್ಲ. ಸಿನಿಮಾದಲ್ಲಿ ಪಾತ್ರವೊಂದು ಸತ್ತರೆ ನಾವು ಕಳೆದುಕೊಳ್ಳುವುದು ಅದರ ಒಡನಾಟವನ್ನು. ಇಲ್ಲಿ ಅದರ ಜೊತೆಗೆ ನಮ್ಮದೇ ಶ್ರಮವನ್ನೂ, ನಮ್ಮ ಬಲದ ಒಂದು ಪಾಲನ್ನೂ ಕಳೆದುಕೊಂಡೆವು. ತುಂಗಾತೀರ ಅವರ ಪ್ರಶ್ನೆಗೆ ನನ್ನ ಮೊದಲ ಉತ್ತರ ಇದು.

ಸಂಪಿಗೆ, ಶೃಂಗೇರಿ

ಹಳೆಯ ಆಟಗಾರರ ಮಾತಿಗೆ ನನ್ನ ಪೂರ್ಣ ಒಪ್ಪಿಗೆಯಿದೆ. ಸುದ್ದಿಯನ್ನು ತಿಳಿಸಿದ್ದು ಕಟ್‌ಸೀನ್, ನಷ್ಟವನ್ನು ಮುಟ್ಟಿಸಿದ್ದು ಮುಂದಿನ ಕಾಳಗ.

ಕೊಪ್ಪದ ಅನಿಮೇಟರ್, ಬೆಂಗಳೂರು

ಕಟ್‌ಸೀನ್‌ಗಳನ್ನು ಇಷ್ಟು ಸಲೀಸಾಗಿ ತಳ್ಳಿಹಾಕುವುದನ್ನು ಓದಿ ಬೇಸರವಾಯಿತು. ಈ ಕೆಲಸದಲ್ಲಿರುವವನಾಗಿ ಕೆಲವು ಸಂಗತಿಗಳನ್ನು ಹೇಳಲೇಬೇಕು.

ನಟರು ಮೈಗಂಟುವ ಉಡುಪು ತೊಟ್ಟು, ಅದರ ಮೇಲೆ ಬೆಳಕನ್ನು ಹಿಂತಿರುಗಿಸುವ ಸಣ್ಣ ಗುಂಡುಗಳನ್ನು ಅಂಟಿಸಿಕೊಂಡು, ಸುತ್ತ ಕ್ಯಾಮೆರಾಗಳಿರುವ ಖಾಲಿ ಅಂಗಳದಲ್ಲಿ ಅಭಿನಯಿಸುತ್ತಾರೆ; ಹಾಗೆ ಹಿಡಿದ ಚಲನೆಯನ್ನೇ ಆಟದ ಪಾತ್ರಕ್ಕೆ ಕೊಡುತ್ತಾರೆ. ಗೋಡೆಯಿಲ್ಲ, ಮರವಿಲ್ಲ, ಮಳೆಯಿಲ್ಲ. ಎಲ್ಲವನ್ನೂ ಮನಸ್ಸಿನಲ್ಲೇ ಕಟ್ಟಿಕೊಳ್ಳಬೇಕು. ‘ದಿ ಲಾಸ್ಟ್ ಆಫ್ ಅಸ್’ನಲ್ಲಿ ಜೋಯೆಲ್ ಆಗಿ ಟ್ರಾಯ್ ಬೇಕರ್, ಮುಂದೆ ಅವನ ಜೊತೆಯಾಗುವ ‘ಎಲ್ಲಿ’ ಎಂಬ ಹುಡುಗಿಯಾಗಿ ಆಶ್ಲಿ ಜಾನ್ಸನ್ ಬರೀ ದನಿ ಕೊಟ್ಟು ಹೋದವರಲ್ಲ, ಮೈಚಲನೆಯೂ ಅವರದೇ. ಮುಖದ ಭಾವವನ್ನು ಮಾತ್ರ ಆ ಆಟದಲ್ಲಿ ಅನಿಮೇಟರ್‌ಗಳು ನಟರ ವಿಡಿಯೋ ನೋಡಿಕೊಂಡು ಕೈಯಿಂದಲೇ ಕೂಡಿಸಿದರು. ಮಗಳನ್ನು ಎದೆಗೊತ್ತಿಕೊಂಡ ಅಪ್ಪನ ತುಟಿಯ ನಡುಕದ ಹಿಂದೆ ಒಬ್ಬ ನಟನ ಜೊತೆಗೆ, ಹೆಸರು ಕೂಡ ಯಾರಿಗೂ ತಿಳಿಯದ ಅನಿಮೇಟರ್‌ನ ಎಷ್ಟೋ ದಿನಗಳ ದುಡಿಮೆ ಇರುತ್ತದೆ.

ಇನ್ನೊಂದು ಮಾತು. ಆಟಕ್ಕೂ ಕಟ್‌ಸೀನ್‌ಗೂ ನಡುವಿನ ಗೆರೆಯನ್ನು ಅಳಿಸುವ ಪ್ರಯತ್ನವನ್ನು ಮಾಡುವವರೇ ಮಾಡುತ್ತಿದ್ದಾರೆ. 2018ರ ‘ಗಾಡ್ ಆಫ್ ವಾರ್’ನಲ್ಲಿ ಮೊದಲಿನಿಂದ ಕೊನೆಯವರೆಗೆ ಕ್ಯಾಮೆರಾ ಒಮ್ಮೆಯೂ ಕಡಿಯುವುದಿಲ್ಲ. ಹೆಂಡತಿಯ ಚಿತಾಭಸ್ಮವನ್ನು ಅತಿ ಎತ್ತರದ ಶಿಖರದಿಂದ ತೂರಲು ಹೊರಟ ಕ್ರೇಟೋಸ್ ಮತ್ತು ಅವನ ಮಗನ ಬೆನ್ನ ಹಿಂದೆಯೇ ನಾವಿರುತ್ತೇವೆ. ದೋಣಿಯಲ್ಲಿ ಹುಟ್ಟು ಹಾಕುತ್ತಿರುವಾಗ ಅಪ್ಪ ಮಗನಿಗೆ ಕತೆ ಹೇಳುತ್ತಾನೆ; ಹುಟ್ಟು ನಮ್ಮ ಕೈಯಲ್ಲೇ ಇರುತ್ತದೆ, ಅಪ್ಪ ಮಗನ ಸಂಬಂಧ ಮೃದುವಾಗುವುದು ಅಂಥ ಹೊತ್ತಿನಲ್ಲಿ. ಇದನ್ನು ಸಿನಿಮಾ ಎನ್ನುತ್ತೀರೋ, ಆಟ ಎನ್ನುತ್ತೀರೋ?

ಜೋಗದ ದಾರಿ, ಸಾಗರ

ನಾನು ಬೇರೊಂದು ಕಡೆಯಿಂದ ಮಾತಾಡಬೇಕು. ನನ್ನ ಹತ್ತಿರ ಕನ್ಸೋಲ್ (ಟಿವಿಗೆ ಜೋಡಿಸಿ ಆಡುವ ಯಂತ್ರ) ಇಲ್ಲ, ಇಂಥ ಆಟ ನಡೆಸುವ ಕಂಪ್ಯೂಟರ್ ಕೂಡ ಇಲ್ಲ. ‘ರೆಡ್ ಡೆಡ್ ರಿಡೆಂಪ್ಷನ್ 2’ (2018) ಕಂಪ್ಯೂಟರ್‌ಗೆ 150 ಜಿಬಿ ಜಾಗ ಕೇಳುತ್ತದೆ. ನಮ್ಮ ಹಳ್ಳಿಯ ನೆಟ್‌ನಲ್ಲಿ ಅದನ್ನು ಇಳಿಸಿಕೊಳ್ಳುವ ಮಾತೇ ಇಲ್ಲ. ಹಾಗಾಗಿ ಬೇರೆಯವರು ಆಡಿ ಯೂಟ್ಯೂಬ್‌ಗೆ ಹಾಕಿದ ವಾಕ್‌ಥ್ರೂಗಳನ್ನು ಫೋನಿನಲ್ಲಿ ನೋಡುತ್ತೇನೆ, ಮಲೆನಾಡಿನ ಹಳ್ಳಿಗಳಲ್ಲಿ ನನ್ನಂಥವರು ಅನೇಕರಿದ್ದಾರೆ. ಆ ಆಟದ ನಾಯಕ ಆರ್ಥರ್ ಮಾರ್ಗನ್ ಕ್ಷಯರೋಗದಿಂದ ಕ್ಷೀಣಿಸುತ್ತ, ತಾನು ಬಾಳಿದ ಬಾಳನ್ನು ತೂಗಿ ನೋಡಿಕೊಳ್ಳುತ್ತ ಕೊನೆಯಾಗುವುದನ್ನು ನೋಡಿ ನನಗೆ ಆದ ಸಂಕಟ ನಿಜವಾದದ್ದು. ಕೈಯಲ್ಲಿ ಕಂಟ್ರೋಲರ್ ಇರಲಿಲ್ಲ ಎಂಬ ಕಾರಣಕ್ಕೆ ಅದು ಕಡಿಮೆಯ ಅನುಭವ ಎಂದು ಯಾರೂ ಹೇಳಬೇಡಿ.

ಅಡಕೆತೋಟ, ತೀರ್ಥಹಳ್ಳಿ

ನೋಡಿದಿರಾ, ನನ್ನ ವಾದವನ್ನು ಸಾಗರದವರೇ ಗಟ್ಟಿ ಮಾಡಿದರು. ಬರೀ ನೋಡಿದರೂ ಪೂರ್ತಿ ಸಿಗುತ್ತದೆ ಎಂದಾದ ಮೇಲೆ ಅದು ಸಿನಿಮಾ ಅಲ್ಲದೆ ಇನ್ನೇನು?

ಮಳೆಗಾಲ, ಹೊಸನಗರ

‘ಪೂರ್ತಿ ಸಿಗುತ್ತದೆ’ ಎಂಬಲ್ಲಿಯೇ ನನ್ನ ತಕರಾರು. ನೋಡಿದರೆ ಎಷ್ಟು ಸಿಗುತ್ತದೆ, ಆಡಿದರೆ ಮಾತ್ರ ಎಷ್ಟು ಸಿಗುತ್ತದೆ ಎಂದು ಕೇಳಿಕೊಂಡರೆ ಪ್ರತಿ ಆಟದ ಗುಣ ತಿಳಿಯುತ್ತದೆ.

‘ಬ್ರದರ್ಸ್: ಎ ಟೇಲ್ ಆಫ್ ಟೂ ಸನ್ಸ್’ (2013) ಎಂಬ ಚಿಕ್ಕ ಆಟವನ್ನು ತೆಗೆದುಕೊಳ್ಳಿ. ಅದನ್ನು ನಿರ್ದೇಶಿಸಿದ ಜೋಸೆಫ್ ಫಾರೆಸ್ ಅದಕ್ಕೂ ಮೊದಲು ಸ್ವೀಡನ್ನಿನಲ್ಲಿ ಸಿನಿಮಾ ಮಾಡುತ್ತಿದ್ದವರು ಎಂಬುದನ್ನು ತೀರ್ಥಹಳ್ಳಿಯವರು ವಿಶೇಷವಾಗಿ ಗಮನಿಸಬೇಕು. ಕಾಯಿಲೆ ಬಿದ್ದ ಅಪ್ಪನಿಗೆ ಔಷಧಿ ತರಲು ಅಣ್ಣ ತಮ್ಮ ಹೊರಡುತ್ತಾರೆ. ಕಂಟ್ರೋಲರ್‌ನ ಎಡಗಡೆಯ ಸ್ಟಿಕ್ ಮತ್ತು ಬಟನ್ ಅಣ್ಣನದು, ಬಲಗಡೆಯದು ತಮ್ಮನದು. ಇಬ್ಬರನ್ನೂ ಒಬ್ಬನೇ ಆಟಗಾರ ಒಟ್ಟಿಗೆ ನಡೆಸಬೇಕು. ತಾಯಿ ಮುಳುಗಿ ಸತ್ತದ್ದನ್ನು ಕಂಡ ತಮ್ಮನಿಗೆ ನೀರೆಂದರೆ ಭಯ, ಹಾಗಾಗಿ ಹೊಳೆ ಬಂದಾಗಲೆಲ್ಲ ಅವನು ಅಣ್ಣನ ಬೆನ್ನಿಗೆ ಅಂಟಿಕೊಂಡು ದಾಟುತ್ತಾನೆ. ಕೊನೆಗೆ ಅಣ್ಣ ತೀರಿಕೊಳ್ಳುತ್ತಾನೆ. ಆಮೇಲೆ ನಮ್ಮ ಎಡಗೈಗೆ ಕೆಲಸವೇ ಇಲ್ಲ.

ತಮ್ಮ ಒಬ್ಬನೇ ಮನೆಗೆ ಮರಳುವಾಗ ನೀರು ಅಡ್ಡ ಬರುತ್ತದೆ. ಅವನ ಬಟನ್ ಎಷ್ಟು ಒತ್ತಿದರೂ ಅವನು ಇಳಿಯುವುದಿಲ್ಲ. ಏನೂ ತೋಚದೆ ನಿಂತ ಆಟಗಾರ ಸತ್ತುಹೋದ ಅಣ್ಣನ ಬಟನ್ ಒತ್ತುತ್ತಾನೆ. ತಮ್ಮ ನೀರಿಗಿಳಿದು ಈಜತೊಡಗುತ್ತಾನೆ. ಅಲ್ಲಿ ಯಾರೂ ಒಂದು ಮಾತು ಆಡುವುದಿಲ್ಲ, ಹಾಗೆ ನೋಡಿದರೆ ಇಡೀ ಆಟದಲ್ಲಿ ಅರ್ಥವಾಗುವ ಭಾಷೆಯೇ ಇಲ್ಲ. ಇದನ್ನು ಯೂಟ್ಯೂಬ್‌ನಲ್ಲಿ ನೋಡಿದರೆ ಹುಡುಗನೊಬ್ಬ ಈಜಿದ ಎಂದಷ್ಟೇ ಕಾಣುತ್ತದೆ. ಅಣ್ಣನ ಧೈರ್ಯ ತಮ್ಮನಿಗೆ ಬಂತು ಎಂಬುದು ಅರಿವಾಗುವುದು ಆ ಎಡಗೈ ಬೆರಳಿಗೆ. ಯಾವ ಸಿನಿಮಾ ಇದನ್ನು ಮಾಡಬಲ್ಲುದು?

ಕೊಪ್ಪದ ಅನಿಮೇಟರ್, ಬೆಂಗಳೂರು

ಒಳ್ಳೆಯ ಉದಾಹರಣೆ. ‘ವಾಟ್ ರಿಮೇನ್ಸ್ ಆಫ್ ಎಡಿತ್ ಫಿಂಚ್’ (2017) ಆಟದಲ್ಲಿ ಮೀನು ಡಬ್ಬಿ ತುಂಬುವ ಕಾರ್ಖಾನೆಯ ದೃಶ್ಯವೂ ಇದೇ ಜಾತಿಯದು. ಲೂಯಿಸ್ ಎಂಬ ಯುವಕನ ಒಂದು ಕೈಯಿಂದ ಮೀನಿನ ತಲೆ ಕತ್ತರಿಸುತ್ತಲೇ ಇರಬೇಕು, ಇನ್ನೊಂದು ಕೈಯಿಂದ ಅವನ ಕಲ್ಪನೆಯ ರಾಜ್ಯದಲ್ಲಿ ನಡೆಯಬೇಕು. ಆ ಕಲ್ಪನೆ ನಿಧಾನವಾಗಿ ಪರದೆಯನ್ನೆಲ್ಲ ತುಂಬಿಕೊಂಡರೂ ಮೀನು ಕತ್ತರಿಸುವ ಕೈ ತಾನಾಗಿ ಆಡುತ್ತಿರುತ್ತದೆ. ಒಬ್ಬ ಮನುಷ್ಯ ತನ್ನ ದುಡಿಮೆಯಿಂದ, ಬದುಕಿನಿಂದ ಹೇಗೆ ಕಳಚಿಕೊಳ್ಳುತ್ತಾನೆ ಎಂಬುದನ್ನು ನಮ್ಮ ಎರಡು ಕೈಗಳೇ ತಿಳಿಸುತ್ತವೆ. ಆ ವರ್ಷದ ಆಟಗಳ ಸಾಲಿನಲ್ಲಿ ಬ್ರಿಟನ್ನಿನ ಬಾಫ್ಟಾ ಸಂಸ್ಥೆಯ ಅತ್ಯುತ್ತಮ ಆಟ ಪ್ರಶಸ್ತಿ ಇದಕ್ಕೇ ಬಂತು.

ಜೋಗದ ದಾರಿ, ಸಾಗರ

ಮಳೆಗಾಲ ಅವರ ಮಾತು ‘ಬ್ರದರ್ಸ್’ ಮಟ್ಟಿಗೆ ಸರಿ ಇರಬಹುದು. ‘ರೆಡ್ ಡೆಡ್’ನಲ್ಲಿ ನನಗೆ ಸಿಗದೆ ಹೋದದ್ದು ಯಾವುದು, ಆಡಿದವರು ಹೇಳಿ.

ಸಂಪಿಗೆ, ಶೃಂಗೇರಿ

ಕುದುರೆ ಸಿಗಲಿಲ್ಲ. ನಾನು ಅದನ್ನು ಆಯ್ದುಕೊಂಡು, ಹೆಸರಿಟ್ಟು, ಮೈ ಉಜ್ಜಿ, ಮೇವು ಕೊಟ್ಟು, ಬೆದರಿದಾಗ ಕತ್ತು ಸವರಿ ಸಮಾಧಾನ ಮಾಡಿ ಆ ಆಟದುದ್ದಕ್ಕೂ ಕರೆದೊಯ್ದವಳು. ಕೊನೆಯಲ್ಲಿ ಗುಂಡೇಟು ತಿಂದು ಬಿದ್ದ ಕುದುರೆಯ ಪಕ್ಕ ಆರ್ಥರ್ ಕುಳಿತು ಅದಕ್ಕೆ ಕೃತಜ್ಞತೆ ಹೇಳುವಾಗ ಅದು ನನ್ನ ಕುದುರೆ. ನೀವು ನೋಡಿದ್ದು ಯೂಟ್ಯೂಬ್‌ನ ಇನ್ಯಾರದೋ ಕುದುರೆಯನ್ನು. ಇನ್ನೊಂದು ವಿಷಯ: ಆರ್ಥರ್‌ಗೆ ಆ ರೋಗ ಅಂಟುವುದು ಸಾಲ ವಸೂಲಿಗೆ ಹೋಗಿ ಒಬ್ಬ ಬಡ ರೋಗಿಯನ್ನು ಹೊಡೆಯುವಾಗ. ಆ ಹೊಡೆತದ ಬಟನ್ ಒತ್ತಿದವಳು ನಾನು. ಗಂಟೆಗಟ್ಟಲೆ ಆಡಿದ ಮೇಲೆ ವೈದ್ಯರು ರೋಗದ ಹೆಸರು ಹೇಳಿದಾಗ ನನಗೆ ಬಂದದ್ದು ಬರೀ ದುಃಖವಲ್ಲ, ಹೊಣೆಗಾರಿಕೆಯ ಭಾರ.

ಭಾಗವತರ ಓಣಿ, ಸಿದ್ದಾಪುರ ರಸ್ತೆ, ಸಾಗರ

ನಾನು ಯಕ್ಷಗಾನದ ವಲಯದವನು, ಮಳೆಗಾಲದಲ್ಲಿ ತಾಳಮದ್ದಲೆಗಳಲ್ಲಿ ಅರ್ಥ ಹೇಳುತ್ತೇನೆ. ಮಗ ಆಡುವುದನ್ನು ಪಕ್ಕದಲ್ಲಿ ಕುಳಿತು ಗಮನವಿಟ್ಟು ನೋಡಿದ ಮೇಲೆ ಈ ಚರ್ಚೆಗೆ ಒಂದು ಮಾತು ಸೇರಿಸಬೇಕೆನಿಸಿತು.

ತಾಳಮದ್ದಲೆಯಲ್ಲಿ ವೇಷವಿಲ್ಲ, ಕುಣಿತವಿಲ್ಲ. ಭಾಗವತರು ಪದ್ಯ ಹಾಡುತ್ತಾರೆ, ಅರ್ಥಧಾರಿಗಳು ಕುಳಿತಲ್ಲೇ ಅದಕ್ಕೆ ಆಶುವಾಗಿ ಮಾತು ಕಟ್ಟುತ್ತಾರೆ. ವಾಲಿವಧೆಯ ಪ್ರಸಂಗವಾದರೆ ವಾಲಿ ಸಾಯಲೇಬೇಕು, ಅದನ್ನು ತಪ್ಪಿಸುವ ಅಧಿಕಾರ ಎಂಥ ಮೇಧಾವಿ ಅರ್ಥಧಾರಿಗೂ ಇಲ್ಲ. ಆದರೆ ಮರೆಯಲ್ಲಿ ನಿಂತು ಬಾಣ ಬಿಟ್ಟ ರಾಮನನ್ನು ವಾಲಿ ಏನು ಕೇಳುತ್ತಾನೆ, ರಾಮ ಹೇಗೆ ಸಮರ್ಥಿಸಿಕೊಳ್ಳುತ್ತಾನೆ, ಅವನ ದನಿಯಲ್ಲಿ ಅಳುಕು ಇದೆಯೇ ಎಂಬುದೆಲ್ಲ ಆ ರಾತ್ರಿ ಕುಳಿತ ಇಬ್ಬರಿಗೆ ಬಿಟ್ಟದ್ದು. ಕತೆಯ ಅಂತ್ಯ ಕಟ್ಟಿಟ್ಟದ್ದು ಎಂದು ಎಲ್ಲರಿಗೂ ಗೊತ್ತಿರುವಾಗಲೂ, ರಾಮನ ಅರ್ಥ ಹೇಳಬೇಕಾದವನಿಗೆ ಆ ಬಾಣದ ಹೊಣೆ ತಪ್ಪುವುದಿಲ್ಲ. ಅವನು ಅದನ್ನು ತನ್ನದೆಂದು ಹೊತ್ತುಕೊಂಡೇ ಮಾತಾಡಬೇಕು. ಶೃಂಗೇರಿಯ ತಂಗಿ ಹೇಳಿದ ಹೊಣೆಗಾರಿಕೆ ನನಗೆ ಅರ್ಥವಾದದ್ದು ಈ ದಾರಿಯಿಂದ. ಪ್ರೇಕ್ಷಕನಾಗಿ ಕುಳಿತಾಗ ಬರುವ ಕರುಣೆ ಒಂದು, ಪಾತ್ರವನ್ನು ವಹಿಸಿಕೊಂಡಾಗ ಬರುವ ಕರುಣೆ ಇನ್ನೊಂದು. ಈ ಆಟಗಳು ಪ್ರೇಕ್ಷಕನನ್ನು ಎಬ್ಬಿಸಿ ಅರ್ಥಧಾರಿಯ ಜಾಗದಲ್ಲಿ ಕೂರಿಸುತ್ತಿವೆ.

ಅಡಕೆತೋಟ, ತೀರ್ಥಹಳ್ಳಿ

ಭಾಗವತರ ಓಣಿಯವರೇ, ನಿಮ್ಮ ಮೇಲಿನ ಗೌರವದಿಂದಲೇ ಒಂದು ಆಕ್ಷೇಪ. ಅರ್ಥಧಾರಿಗೆ ಪುರಾಣದ ಓದು ಬೇಕು, ತರ್ಕ ಬೇಕು, ಎದುರಾಳಿಯ ಮಾತಿಗೆ ಅಲ್ಲಿಯೇ ಉತ್ತರ ಕಟ್ಟುವ ಪ್ರತಿಭೆ ಬೇಕು. ಆಟಗಾರನಿಗೆ ಇರುವುದು ಬರೆದವರು ಅನುಮತಿಸಿದ ನಾಲ್ಕಾರು ಬಟನ್‌ಗಳು. ಕೊನೆಯ ದೃಶ್ಯದಲ್ಲಿ ಒಂದೇ ದಾರಿ ಇಟ್ಟು ‘ನೀನೇ ಮಾಡಿದೆ’ ಎಂದು ಹೇಳಿದರೆ ಅದು ಹೊಣೆಗಾರಿಕೆಯಲ್ಲ, ಬಲವಂತ.

ತುಂಗಾತೀರ, ಶಿವಮೊಗ್ಗ

ಈ ಆಕ್ಷೇಪ ನನ್ನನ್ನು ‘ದಿ ಲಾಸ್ಟ್ ಆಫ್ ಅಸ್’ನ ಕೊನೆಗೆ ಕರೆದೊಯ್ಯಿತು. ಜಗತ್ತನ್ನೇ ಹಾಳುಗೆಡವಿದ ಸೋಂಕಿಗೆ ‘ಎಲ್ಲಿ’ಯ ದೇಹದಿಂದ ಔಷಧಿ ತಯಾರಿಸಲು ಅವಳ ಜೀವ ತೆಗೆಯಬೇಕೆಂದು ತಿಳಿದ ಜೋಯೆಲ್ ಆಸ್ಪತ್ರೆಗೆ ನುಗ್ಗುತ್ತಾನೆ. ಶಸ್ತ್ರಚಿಕಿತ್ಸೆಯ ಕೋಣೆಯಲ್ಲಿ ವೈದ್ಯ ಕೈಯಲ್ಲಿ ಚಾಕು ಹಿಡಿದು ಅಡ್ಡ ನಿಂತಿರುತ್ತಾನೆ. ಇಲ್ಲಿ ಕಟ್‌ಸೀನ್ ಬರುವುದಿಲ್ಲ. ನಾನು ಅವನನ್ನು ಕೊಲ್ಲದೆ ಆಟ ಮುಂದಕ್ಕೆ ಹೋಗುವುದಿಲ್ಲ. ನನಗೆ ಇಷ್ಟವಿರಲಿಲ್ಲ. ಬೇರೆ ದಾರಿ ಇದೆಯೇ ಎಂದು ಕೋಣೆಯೆಲ್ಲ ತಡಕಾಡಿದೆ.

ಈಗ ಯೋಚಿಸಿದರೆ, ಬಲವಂತ ಎಂಬುದು ನಿಜ. ಆದರೆ ಕೃತಿ ನನ್ನಿಂದ ಕೇಳಿದ್ದು ಒಪ್ಪಿಗೆಯನ್ನಲ್ಲ. ಮೊದಲ ದೃಶ್ಯದಲ್ಲಿ ಮಗಳು ಸಾಯುವಾಗ ನನ್ನ ಕೈಗೆ ಕೆಲಸ ಕೊಡದೆ, ಕೊನೆಯ ದೃಶ್ಯದಲ್ಲಿ ಇನ್ನೊಬ್ಬಳನ್ನು ಉಳಿಸಿಕೊಳ್ಳಲು ಕೊಲೆ ಮಾಡುವಾಗ ನನ್ನ ಕೈಯನ್ನೇ ಬಳಸಿದ್ದಾರೆ. ಆಗ ಏನೂ ಮಾಡಲಾಗದ ಅಪ್ಪ, ಈಗ ಏನನ್ನಾದರೂ ಮಾಡಿಬಿಡುವ ಅಪ್ಪ. ಈ ಎರಡರ ನಡುವಿನ ದೂರವನ್ನು ಧಾರಾವಾಹಿ ನೋಡಿದವರು ಬುದ್ಧಿಯಿಂದ ತಿಳಿಯುತ್ತಾರೆ. ನನಗೆ ಅದು ಅಸಹನೆಯಾಗಿ, ಮುಜುಗರವಾಗಿ ಮೈಗೆ ತಾಗಿತು. ನಾನು ಕೇಳಿದ ಪ್ರಶ್ನೆಗೆ ಇದು ಉತ್ತರವೆಂದೇ ನನಗೆ ತೋರುತ್ತಿದೆ.

ಮಳೆಗಾಲ, ಹೊಸನಗರ

ಅಡಕೆತೋಟದವರಿಗೆ ಇನ್ನೊಂದು ಉತ್ತರವಿದೆ. ಟೋಬಿ ಫಾಕ್ಸ್ ಬಹುಪಾಲು ಒಬ್ಬರೇ ಕಟ್ಟಿದ ‘ಅಂಡರ್‌ಟೇಲ್’ (2015) ಆಟದಲ್ಲಿ ಎದುರಾದ ಯಾರನ್ನೂ ಕೊಲ್ಲದೆ, ಮಾತಿನಲ್ಲಿ ಒಲಿಸಿಕೊಂಡು ಕೊನೆಯವರೆಗೆ ಹೋಗಬಹುದು. ಕೊಂದರೆ ಆಟ ಅದನ್ನು ನೆನಪಿಡುತ್ತದೆ. ಪಶ್ಚಾತ್ತಾಪಪಟ್ಟು ಹಳೆಯ ಸೇವ್‌ಗೆ ಹಿಂದಿರುಗಿ ಮತ್ತೆ ಆಡಿದರೂ ಒಂದು ಪಾತ್ರ ನೀವು ಮಾಡಿದ್ದನ್ನು ಎತ್ತಿ ಆಡುತ್ತದೆ. ಅದರಲ್ಲಿ ಸಿನಿಮಾದ ಛಾಯೆಯೇ ಇಲ್ಲ, ಚುಕ್ಕಿ ಚುಕ್ಕಿ ಚಿತ್ರಗಳು ಅಷ್ಟೇ. ಬಲವಂತವೂ ಇಲ್ಲ.

ಹೆಗ್ಗೋಡು ಸೀಮೆಯವ

ಸಿನಿಮಾದಂತಿದೆ ಎಂಬುದನ್ನು ಇಲ್ಲಿ ಬೈಗುಳದಂತೆ ಬಳಸುತ್ತಿರುವುದು ಸರಿಯಲ್ಲ. ನಮ್ಮ ಸೀಮೆಯಲ್ಲಿ 1949ರಲ್ಲಿ ಹುಟ್ಟಿದ ನೀನಾಸಂ, 1970ರ ದಶಕದಲ್ಲಿ ಚಿತ್ರಸಮಾಜ ಕಟ್ಟಿ ಜಗತ್ತಿನ ಒಳ್ಳೆಯ ಸಿನಿಮಾಗಳನ್ನು ಹಳ್ಳಿಯವರಿಗೆ ತೋರಿಸಿತು. ಕೆ. ವಿ. ಸುಬ್ಬಣ್ಣನವರ ನಂಬಿಕೆ ಇದ್ದದ್ದು ಇಷ್ಟೇ: ತೋಟದ ಕೆಲಸ ಮುಗಿಸಿ ಬಂದವನಿಗೂ ಜಪಾನಿನ, ಯುರೋಪಿನ ಚಿತ್ರ ಮುಟ್ಟುತ್ತದೆ, ಆದರೆ ನೋಡಿದ ಮೇಲೆ ಕುಳಿತು ಮಾತಾಡಬೇಕು. ಸಿನಿಮಾವನ್ನು ಗಂಭೀರ ಕಲೆಯೆಂದು ಒಪ್ಪಿಸಲು ಆ ಕಾಲದಲ್ಲೂ ವಾದ ಮಾಡಬೇಕಾಗಿತ್ತು. 2010ರಲ್ಲಿ ಅಮೆರಿಕದ ಹೆಸರಾಂತ ವಿಮರ್ಶಕ ರಾಜರ್ ಎಬರ್ಟ್ ವಿಡಿಯೋ ಗೇಮ್ ಎಂದಿಗೂ ಕಲೆಯಾಗಲಾರದು ಎಂದು ಬರೆದು ದೊಡ್ಡ ಜಗಳವೇ ಆಗಿತ್ತು. ಅಂಥ ವಾದಕ್ಕೆ ಇಂದಿನ ಉತ್ತರ ಇನ್ನೊಂದು ವಾದವಾಗುವುದಕ್ಕಿಂತ, ಒಂದು ಆಟವನ್ನು ದೊಡ್ಡ ಪರದೆಯಲ್ಲಿ ಆಡಿ, ಕಂಟ್ರೋಲರ್ ಕೈಯಿಂದ ಕೈಗೆ ದಾಟಿಸಿ, ಆಮೇಲೆ ಚರ್ಚೆಗೆ ಕೂರುವ ಕೂಟಗಳಾಗಬೇಕು. ಕನ್ಸೋಲ್ ಇಲ್ಲದ ಸಾಗರದ ಗೆಳೆಯರಂಥವರಿಗೂ ಅದರಿಂದ ದಾರಿಯಾದೀತು.

ಜೋಗದ ದಾರಿ, ಸಾಗರ

ಅಂಥದ್ದು ನಡೆದರೆ ನಾನು ಮೊದಲ ಸಾಲಿನಲ್ಲಿರುತ್ತೇನೆ.

ಸಂಪಿಗೆ, ಶೃಂಗೇರಿ

ಇಲ್ಲಿಯವರೆಗೆ ಬಂದ ಹೆಸರುಗಳೆಲ್ಲ ಹೊರದೇಶದವು, ನಮ್ಮ ನೆಲದ ವಾಸನೆ ಇರುವ ಎರಡನ್ನು ಸೇರಿಸುತ್ತೇನೆ. ಪುಣೆಯ ನಾಡಿಂಗ್ ಹೆಡ್ಸ್ ಗೇಮ್ಸ್ 2020ರಲ್ಲಿ ತಂದ ‘ರಾಜಿ’ಯಲ್ಲಿ ತಮ್ಮನನ್ನು ಹುಡುಕಿ ಹೊರಟ ಹುಡುಗಿಯ ಕತೆಯಿದೆ; ಅದರ ಕಟ್‌ಸೀನ್‌ಗಳು ಹಾಲಿವುಡ್ಡನ್ನು ಹಿಂಬಾಲಿಸದೆ ನೆರಳು ಗೊಂಬೆಯಾಟದ ರೀತಿಯಲ್ಲಿ ನಡೆಯುತ್ತವೆ. ತೊಗಲು ಗೊಂಬೆಯಾಟ ಕಂಡ ನಮಗೆ ಅದು ಎಷ್ಟು ಹತ್ತಿರದ್ದೆಂದು ಬೇರೆ ಹೇಳಬೇಕಿಲ್ಲ. ಕಟ್‌ಸೀನ್ ಎಂದರೆ ಸಿನಿಮಾವೇ ಆಗಬೇಕಾಗಿಲ್ಲ ಎಂಬುದಕ್ಕೂ ಅದೇ ಸಾಕ್ಷಿ.

ಎರಡನೆಯದು 2023ರ ‘ವೆಂಬಾ’. 1980ರ ದಶಕದಲ್ಲಿ ಕೆನಡಾಕ್ಕೆ ಹೋದ ತಮಿಳು ದಂಪತಿ, ಅಲ್ಲೇ ಬೆಳೆಯುವ ಮಗ. ತಾಯಿಯಿಂದ ಬಂದ ಅಡುಗೆ ಪುಸ್ತಕ ಅಲ್ಲಲ್ಲಿ ಅಳಿಸಿಹೋಗಿದೆ. ಇಡ್ಲಿ, ಪುಟ್ಟು, ಬಿರಿಯಾನಿ ಮಾಡುವ ಕ್ರಮವನ್ನು ಆಟಗಾರ ಊಹಿಸಿ ಕೂಡಿಸಬೇಕು. ಕಾಳಗವಿಲ್ಲ, ಸಾವಿರ ಜನರ ತಂಡದ ವೈಭವವಿಲ್ಲ. ಊರು ಬಿಟ್ಟ ಮಕ್ಕಳ ಮನೆಗೆ ಹೋಗಿಬಂದ ತಾಯಂದಿರು ಮಲೆನಾಡಿನ ಮನೆಮನೆಯಲ್ಲಿದ್ದಾರೆ. ಅವರಿಗೆ ಈ ಆಟವನ್ನು ಯಾರಾದರೂ ಕೂತು ಆಡಿಸಬೇಕು. ಕನ್ನಡದಲ್ಲಿ ಇಂಥದ್ದೊಂದು ಬರಬಾರದೇ ಎಂದು ಅದನ್ನು ಆಡುವಾಗಲೆಲ್ಲ ಆಸೆಯಾಗುತ್ತದೆ.

ಕೊಪ್ಪದ ಅನಿಮೇಟರ್, ಬೆಂಗಳೂರು

ಬರಬಹುದು, ಆದರೆ ದೊಡ್ಡ ಆಟಗಳ ದಾರಿಯಲ್ಲಿ ಬರುವುದಿಲ್ಲ. ‘ದಿ ಲಾಸ್ಟ್ ಆಫ್ ಅಸ್ ಪಾರ್ಟ್ 2’ (2020) ಮಾಡಲು ಸುಮಾರು 22 ಕೋಟಿ ಡಾಲರ್ ಖರ್ಚಾಗಿತ್ತೆಂದು 2023ರಲ್ಲಿ ಅಮೆರಿಕದ ನ್ಯಾಯಾಲಯವೊಂದಕ್ಕೆ ಸಲ್ಲಿಸಿದ ಕಡತಗಳಿಂದ ಹೊರಬಿತ್ತು. ಅಷ್ಟು ಹಣ ಹೂಡಿದವರು ಅಪಾಯ ತೆಗೆದುಕೊಳ್ಳಲು ಹಿಂಜರಿಯುತ್ತಾರೆ, ಗೆದ್ದ ಕತೆಯ ಮುಂದಿನ ಭಾಗವನ್ನೇ ಮಾಡುತ್ತಾರೆ. ಈ ಸಿನಿಮಾ ಮಾದರಿಯ ಬಗ್ಗೆ ನನಗಿರುವ ನಿಜವಾದ ಆತಂಕ ಅದು, ಕಟ್‌ಸೀನ್‌ನ ಉದ್ದವಲ್ಲ.

ಆದರೆ ನಡುದಾರಿಯೂ ಇದೆ. ‘ಹೆಲ್‌ಬ್ಲೇಡ್: ಸೆನುವಾಸ್ ಸ್ಯಾಕ್ರಿಫೈಸ್’ (2017) ಮಾಡಿದ ನಿಂಜಾ ಥಿಯರಿಯ ತಂಡ ಚಿಕ್ಕದು. ಸೆನುವಾ ಆಗಿ ನಟಿಸಿದ ಮೆಲಿನಾ ಯೂರ್ಗೆನ್ಸ್ ಆ ಸಂಸ್ಥೆಯ ವಿಡಿಯೋ ಸಂಕಲನಕಾರ್ತಿ. ಬೇರೆ ನಟಿ ಸಿಗುವವರೆಗೆ ಪರೀಕ್ಷೆಗೆಂದು ನಿಂತವರು, ಅಭಿನಯ ಅಷ್ಟು ಚೆನ್ನಾಗಿ ಬಂದದ್ದರಿಂದ ಅವರೇ ಉಳಿದರು. ಮನೋರೋಗದಲ್ಲಿ ಕಿವಿಗೆ ಬೀಳುವ ಇಲ್ಲದ ದನಿಗಳನ್ನು, ಮನೋವೈದ್ಯರ ಮತ್ತು ಅಂಥ ಅನುಭವ ಇರುವವರ ಸಲಹೆ ಪಡೆದು, ಹೆಡ್‌ಫೋನಿನಲ್ಲಿ ತಲೆಯ ಸುತ್ತಲೂ ಸುಳಿದಾಡುವಂತೆ ಕೂಡಿಸಿದ್ದಾರೆ. ಆ ದನಿಗಳು ಒಮ್ಮೆ ಹೀಯಾಳಿಸುತ್ತವೆ, ಒಮ್ಮೆ ಬೆನ್ನ ಹಿಂದೆ ಶತ್ರು ಬಂದನೆಂದು ಎಚ್ಚರಿಸುತ್ತವೆ, ಹಾಗಾಗಿ ಕಾಳಗ ಗೆಲ್ಲಲು ಅವುಗಳಿಗೆ ಕಿವಿಗೊಡಲೇಬೇಕು. ಅಭಿನಯ ಸಿನಿಮಾದ್ದು, ಭಯ ಆಟದ್ದು.

ಹಳೆಯ ಆಟಗಾರ, ಭದ್ರಾವತಿ

ಚಿಕ್ಕದರಲ್ಲಿ ದೊಡ್ಡದು ಎಂದರೆ ‘ಜರ್ನಿ’ (2012) ಹೆಸರು ಬಿಡಬಾರದು. ಮರಳುಗಾಡಿನಲ್ಲಿ ನಡೆಯುತ್ತಿರುವಾಗ ಜಗತ್ತಿನ ಎಲ್ಲಿಯೋ ಆಡುತ್ತಿರುವ ಒಬ್ಬ ಅಪರಿಚಿತ ಜೊತೆಯಾಗುತ್ತಾನೆ. ಹೆಸರು ಕಾಣುವುದಿಲ್ಲ, ಮಾತಾಡಲು ಬರುವುದಿಲ್ಲ. ಒಂದು ಸ್ವರ ಹೊರಡಿಸಬಹುದು ಅಷ್ಟೇ. ಹಿಮದಲ್ಲಿ ಇಬ್ಬರೂ ಒಬ್ಬರಿಗೊಬ್ಬರು ಒತ್ತಿಕೊಂಡು ನಡೆಯುತ್ತೇವೆ. ಆಟ ಮುಗಿದ ಮೇಲೆ ಮಾತ್ರ ಜೊತೆಗಾರರ ಹೆಸರು ತೋರಿಸುತ್ತದೆ. ಅಲ್ಲಿ ನನ್ನ ಮನಸ್ಸು ತುಂಬಿಸಿದ್ದು ಬರೆದಿಟ್ಟ ಪಾತ್ರವಲ್ಲ, ನನಗಾಗಿ ನಿಂತು ಕಾದ ಒಬ್ಬ ಮನುಷ್ಯ. ಅದಕ್ಕೆ ಆಸ್ಟಿನ್ ವಿಂಟರಿ ಮಾಡಿದ ಸಂಗೀತ ಗ್ರ್ಯಾಮಿಗೆ ನಾಮನಿರ್ದೇಶನವಾಗಿತ್ತು.

ಅಡಕೆತೋಟ, ತೀರ್ಥಹಳ್ಳಿ

‘ಬ್ರದರ್ಸ್’, ‘ಅಂಡರ್‌ಟೇಲ್’, ‘ಜರ್ನಿ’ ಮೂರಕ್ಕೂ ನನ್ನ ಆಕ್ಷೇಪವಿಲ್ಲ. ಆದರೆ ಗಮನಿಸಿ, ನೀವೆಲ್ಲ ಆಟದ ಪರವಾಗಿ ಕೊಟ್ಟ ಗಟ್ಟಿ ಉದಾಹರಣೆಗಳಲ್ಲಿ ಹೆಚ್ಚಿನವು ಸಿನಿಮಾದಂತೆ ಕಾಣದ ಆಟಗಳೇ. ಕೋಟಿ ಕೋಟಿ ಸುರಿದು ತೆಗೆದ ದೃಶ್ಯಗಳ ಪರವಾಗಿ ಬಂದದ್ದು ಒಂದು ಕುದುರೆ, ಒಂದು ದೋಣಿ, ಒಂದು ಆಸ್ಪತ್ರೆಯ ಕೋಣೆ. ಆ ಮೂರರಲ್ಲೂ ನಿಮ್ಮನ್ನು ತಟ್ಟಿದ್ದು ಕೈಯಿಂದ ಮಾಡಿದ ಕೆಲಸ. ಹಣ ಎಲ್ಲಿಗೆ ಹೋಗಬೇಕು ಎಂಬುದಕ್ಕೆ ಇದಕ್ಕಿಂತ ಸಾಕ್ಷಿ ಬೇಕೇ?

ಕೊಪ್ಪದ ಅನಿಮೇಟರ್, ಬೆಂಗಳೂರು

ಆ ಕೋಣೆಯಲ್ಲಿ ತುಂಗಾತೀರ ಅವರ ಕೈ ಹಿಂಜರಿದದ್ದು ಯಾಕೆ ಎಂದು ಯೋಚಿಸಿ. ಅದಕ್ಕೂ ಮೊದಲು ಅಷ್ಟೊಂದು ಗಂಟೆಗಳ ಕಾಲ ಇಬ್ಬರು ನಟರು ಜೋಯೆಲ್ ಮತ್ತು ಎಲ್ಲಿಯನ್ನು ಜೀವಂತ ಮನುಷ್ಯರನ್ನಾಗಿ ಮಾಡಿದ್ದರಿಂದ. ಆ ಅಭಿನಯವನ್ನು ತೆಗೆದರೆ ಉಳಿಯುವುದು ಒಂದು ಗುರಿ, ಒಂದು ಬಟನ್. ಈ ವಿಷಯದಲ್ಲಿ ನಾನು ನಿಮಗೆ ಸೋಲಲಾರೆ.

ತುಂಗಾತೀರ, ಶಿವಮೊಗ್ಗ

ಇಬ್ಬರ ಮಾತನ್ನೂ ಇಟ್ಟುಕೊಂಡು ಮುಂದಿನ ಆಟ ಆಡಬೇಕೆಂದಿದ್ದೇನೆ. ಮನೆಯಲ್ಲಿರುವುದು ಪ್ಲೇಸ್ಟೇಷನ್ 4. ನನ್ನ ಬೆರಳುಗಳು ಇನ್ನೂ ಕಾಳಗಕ್ಕೆ ಪಳಗಿಲ್ಲ, ಯಾವುದರಿಂದ ಶುರು ಮಾಡಲಿ?

ಮಳೆಗಾಲ, ಹೊಸನಗರ

‘ಎಡಿತ್ ಫಿಂಚ್’ನಿಂದ ಶುರು ಮಾಡಿ, ಒಂದು ಸಂಜೆಯಲ್ಲಿ ಮುಗಿಯುತ್ತದೆ, ಕಾಳಗವಿಲ್ಲ. ಆಮೇಲೆ ‘ಬ್ರದರ್ಸ್’ ಆಡಿ. ಅದೂ ಚಿಕ್ಕದು, ಪ್ಲೇಸ್ಟೇಷನ್ 4ರಲ್ಲಿ ಸಿಗುತ್ತದೆ. ಅದರಲ್ಲಿ ಅರ್ಥವಾಗಬೇಕಾದ ಭಾಷೆ ಇಲ್ಲದ್ದರಿಂದ ಇಂಗ್ಲಿಷ್ ಬಾರದ ಹಿರಿಯರನ್ನೂ ಪಕ್ಕದಲ್ಲಿ ಕೂರಿಸಿಕೊಳ್ಳಬಹುದು. ಆದರೆ ಕಂಟ್ರೋಲರ್ ಮಾತ್ರ ಅಣ್ಣನ ಮಗನಿಗೆ ಕೊಡಬೇಡಿ.